ರೆಪ್ಪೆಯ ಆಪರೇಷನ್ ಮಾಡಿಸಿಕೊಂಡೆ: ಮಾಡಿಸುವ ಮೊದಲು ಗೊತ್ತಿರಬೇಕಾದ್ದು

ಜೋತು ಬಿದ್ದ ಚರ್ಮ ತೆಗೆಯುವ ಮೇಲಿನ ರೆಪ್ಪೆಯ ಆಪರೇಷನ್ (ಬ್ಲೆಫರೋಪ್ಲಾಸ್ಟಿ) ಆದಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಚಾರಿಸುವವರು ಜಾಸ್ತಿ ಆಗಿದ್ದಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಮುಗಿದು ಹೊರಗೆ ಬರುವಾಗ ಕೇಳುತ್ತಾರೆ. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಕೇಳುತ್ತಾರೆ. ಊರಿಗೆ ಹೋದರೆ ಮದುವೆ ಮನೆಯಲ್ಲೂ ಕೇಳುತ್ತಾರೆ. "ಅಕ್ಕ, ನೋವಾಯ್ತಾ? ಎಷ್ಟು ಖರ್ಚಾಯ್ತು? ಗುರುತು ಉಳಿಯುತ್ತಾ?" ಕೇಳಬೇಕಾದ ಪ್ರಶ್ನೆಗಳೇ. ಆದರೆ ಇದಕ್ಕೂ ಮೊದಲು ಡಾಕ್ಟರನ್ನು ಕೇಳಬೇಕಾದ್ದು ಎರಡಿದೆ. ನನ್ನ ಕಣ್ಣಿನ ಮೇಲೆ ಜೋತು ಬಿದ್ದಿರುವುದು ಏನು? ಅದರಲ್ಲಿ ಎಷ್ಟನ್ನು ಕತ್ತರಿಸದೆ ಬಿಡುತ್ತೀರಿ?

ನನಗೆ 57 ವರ್ಷ. ನಮ್ಮ ಅಪ್ಪಯ್ಯನ ಕಡೆಯವರಿಗೆಲ್ಲ ರೆಪ್ಪೆ ಸ್ವಲ್ಪ ಭಾರವೇ. ಕುಮಟೆಯ ಮನೆಯಲ್ಲಿರುವ ಹಳೇ ಫೋಟೋಗಳಲ್ಲಿ ಅಜ್ಜಿ, ಸೋದರತ್ತೆ ಎಲ್ಲರೂ ನಿದ್ದೆಗಣ್ಣಲ್ಲಿ ಇದ್ದ ಹಾಗೆ ಕಾಣುತ್ತಾರೆ. ನನಗೂ ಐವತ್ತು ದಾಟಿದ ಮೇಲೆ ರೆಪ್ಪೆಯ ಚರ್ಮ ಸಡಿಲವಾಗುತ್ತಾ ಬಂತು. ಹೊರಗಿನ ಮೂಲೆಯಲ್ಲಿ ಅದು ರೆಪ್ಪೆಗೂದಲ ಮೇಲೇ ಬಂದು ಕೂರುತ್ತಿತ್ತು. ದಾದರ್ ಪ್ಲಾಟ್‌ಫಾರಂನಲ್ಲಿ ಮೇಲೆ ತೂಗುಹಾಕಿದ ರೈಲಿನ ಇಂಡಿಕೇಟರ್ ಓದಬೇಕು ಅಂದರೆ ಗದ್ದ ಎತ್ತಿ ತಲೆ ಹಿಂದಕ್ಕೆ ಮಾಡಬೇಕಿತ್ತು. ಸಂಜೆ ಆಫೀಸಿನಿಂದ ಹೊರಡುವ ಹೊತ್ತಿಗೆ ಹಣೆ ಸಿಡಿಯುತ್ತಿತ್ತು. ಕನ್ನಡಕದ ನಂಬರ್ ಬದಲಾಗಿರಬೇಕು ಅಂದುಕೊಂಡು ಪರೀಕ್ಷೆ ಮಾಡಿಸಿದರೆ ನಂಬರ್ ಸರಿಯಾಗೇ ಇತ್ತು. ರೆಪ್ಪೆ ಎತ್ತಿ ಹಿಡಿಯಲು ದಿನವಿಡೀ ಹುಬ್ಬನ್ನು ಮೇಲೆ ಎಳೆದುಕೊಂಡಿರುತ್ತಿದ್ದೆ. ಹಣೆಯ ಸ್ನಾಯುವಿಗೆ ಬಿಡುವೇ ಇರಲಿಲ್ಲ. ನೋವಿಗೆ ಕಾರಣ ಅದು ಅಂತ ಆಮೇಲೆ ಗೊತ್ತಾಯಿತು.

ಚಂದ ಕಾಣಬೇಕು ಅನ್ನೋ ಆಸೆಯೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. "ಹುಷಾರಿಲ್ವಾ? ರಾತ್ರಿ ನಿದ್ದೆ ಆಗ್ಲಿಲ್ವಾ?" ಅಂತ ದಿನಾ ಕೇಳಿಸಿಕೊಂಡರೆ ಮನಸ್ಸಿಗೆ ಏನಾಗುತ್ತದೆ ಅಂತ ಕೇಳಿಸಿಕೊಂಡವರಿಗೇ ಗೊತ್ತು. ಈ ವಯಸ್ಸಿನಲ್ಲಿ ಇದೆಲ್ಲಾ ಯಾಕೆ ಅಂದವರೂ ಇದ್ದಾರೆ. ನನ್ನ ಮುಖ, ನನ್ನ ದುಡಿಮೆಯ ದುಡ್ಡು. ಇದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಇದೇನು ಇವತ್ತಿನ ಫ್ಯಾಷನ್ನೂ ಅಲ್ಲ. ರೆಪ್ಪೆಗೂದಲು ಒಳಮುಖವಾಗಿ ಕಣ್ಣಿಗೆ ಚುಚ್ಚುವ ಕಾಯಿಲೆಗೆ ಮೇಲಿನ ರೆಪ್ಪೆಯಿಂದ ಜವೆಗೋಧಿ ಕಾಳಿನ ಆಕಾರದಲ್ಲಿ ಚರ್ಮ ತೆಗೆದು ಕೂದಲಿನಿಂದ ಹೊಲಿಯುವ ಕ್ರಮವನ್ನು ಸುಶ್ರುತ ಸಂಹಿತೆಯಲ್ಲೇ ಹೇಳಿದ್ದಾರೆ.

ಮೊದಲು ಹೋಗಿದ್ದು ಮನೆ ಹತ್ತಿರದ ಒಂದು ಬ್ಯೂಟಿ ಕ್ಲಿನಿಕ್ಕಿಗೆ. ಅಲ್ಲಿ ಯಾರೂ ನನ್ನ ಕಣ್ಣು ಮುಟ್ಟಿ ನೋಡಲೇ ಇಲ್ಲ. ಟ್ಯಾಬ್‌ನಲ್ಲಿ ಫೋಟೋ ತೆಗೆದು, ಆಪರೇಷನ್ ಆದಮೇಲೆ ಹೀಗಿರುತ್ತೀರಿ ಅಂತ ಇನ್ನೊಂದು ಫೋಟೋ ತೋರಿಸಿದರು. ಮೇಲಿನ ರೆಪ್ಪೆಗೆ ಆಪರೇಷನ್, ಕಣ್ಣಿನ ಕೆಳಗೆ ಫಿಲ್ಲರ್ (ಗುಳಿ ತುಂಬಲು ಚುಚ್ಚುವ ಜೆಲ್), ಎರಡೂ ಸೇರಿ ಒಂದು ಪ್ಯಾಕೇಜ್. ಅವತ್ತೇ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ. ಬಿಪಿ ಇದೆಯಾ, ಕಣ್ಣು ಒಣಗುತ್ತದಾ, ಯಾವ ಮಾತ್ರೆ ತಗೊಳ್ತೀರಿ, ಒಂದನ್ನೂ ಕೇಳಲಿಲ್ಲ. ನಾನು ಎದ್ದು ಬಂದೆ. ಕಣ್ಣಿನ ಸುತ್ತ ಹಾಕುವ ಫಿಲ್ಲರ್ ಆಕಸ್ಮಿಕವಾಗಿ ರಕ್ತನಾಳದೊಳಗೆ ಹೋದರೆ ದೃಷ್ಟಿಯೇ ಹೋಗಬಹುದು. ತೀರಾ ಅಪರೂಪ, ಆದರೆ ಆಗಿರುವುದುಂಟು. ಅಂಥದ್ದನ್ನು ರಿಯಾಯಿತಿಯ ಆಸೆಗೆ ಮಾಡಿಸಿಕೊಳ್ಳಬಾರದು.

ಮಗಳು ಕೂತು ಹುಡುಕಿದಳು. ಈ ಕೆಲಸಕ್ಕೆ ಸರಿಯಾದ ತರಬೇತಿ ಇರುವವರು ಮುಖ್ಯವಾಗಿ ಎರಡು ಕಡೆಯವರು. ಒಬ್ಬರು ಕಣ್ಣಿನ ಡಾಕ್ಟರಾಗಿ ಆಮೇಲೆ ಆಕ್ಯುಲೋಪ್ಲಾಸ್ಟಿಯಲ್ಲಿ, ಅಂದರೆ ರೆಪ್ಪೆ ಮತ್ತು ಕಣ್ಣಿನ ಸುತ್ತಲಿನ ಸರ್ಜರಿಯಲ್ಲಿ, ಫೆಲೋಶಿಪ್ ಮಾಡಿದವರು. ಇನ್ನೊಬ್ಬರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಡಿಗ್ರಿ ಮಾಡಿದವರು. 'ಕಾಸ್ಮೆಟಾಲಜಿಸ್ಟ್' ಅಂತ ಬೋರ್ಡು ಇದ್ದ ಮಾತ್ರಕ್ಕೆ ಅವರು ಸರ್ಜನ್ ಆಗಿರಬೇಕಾಗಿಲ್ಲ. ಡಾಕ್ಟರ ರಿಜಿಸ್ಟ್ರೇಷನ್ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲಿ ಇದೆಯಾ ಅಂತ ನೋಡಬಹುದು. ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ಇಂಡಿಯನ್ ಮೆಡಿಕಲ್ ರಿಜಿಸ್ಟರ್‌ನಲ್ಲೂ ಆನ್‌ಲೈನ್ ಹುಡುಕಬಹುದು. ಮಗಳು ಎರಡೂ ಕಡೆ ನೋಡಿದಳು. ನನಗೆ ಕಣ್ಣೊಳಗಿನ ಪರೀಕ್ಷೆಯೂ ಒಂದೇ ಕಡೆ ಆಗಲಿ ಅನ್ನಿಸಿ ಆಕ್ಯುಲೋಪ್ಲಾಸ್ಟಿಯವರ ಹತ್ತಿರ ಹೋದೆ.

ಆ ಡಾಕ್ಟರ್ ಮೊದಲು ಕೇಳಿದ್ದು ನನ್ನ ಹಳೇ ಫೋಟೋ. ಮದುವೆಯ ಆಲ್ಬಮ್ಮಿನಿಂದ ಮಗಳು ಮೊಬೈಲಿನಲ್ಲಿ ತೆಗೆದುಕೊಂಡಿದ್ದನ್ನು ತೋರಿಸಿದೆ. ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. ರೆಪ್ಪೆಯ ಮಡಿಕೆ ಆಗ ಎಲ್ಲಿತ್ತು, ಹುಬ್ಬು ಎಷ್ಟು ಎತ್ತರದಲ್ಲಿತ್ತು ಅಂತ ತಿಳಿಯಬೇಕಂತೆ. ಇಲ್ಲದಿದ್ದರೆ ಆಪರೇಷನ್ ಆದಮೇಲೆ ಕನ್ನಡಿಯಲ್ಲಿ ಬೇರೆ ಯಾರನ್ನೋ ನೋಡಿದ ಹಾಗಾಗುತ್ತದೆ ಅಂದರು. ಅವರ ಮೇಲೆ ನನಗೆ ನಂಬಿಕೆ ಬಂದದ್ದು ಆ ಕ್ಷಣದಲ್ಲೇ.

ಆಮೇಲೆ ಸಣ್ಣ ಸ್ಕೇಲ್ ಹಿಡಿದು ಅಳತೆ ಶುರು ಮಾಡಿದರು. ಟಾರ್ಚ್ ಬಿಟ್ಟಾಗ ಕಣ್ಣಿನ ನಡುವೆ ಬೆಳಕಿನ ಚುಕ್ಕೆ ಕಾಣುತ್ತದಲ್ಲ, ಅಲ್ಲಿಂದ ಮೇಲಿನ ರೆಪ್ಪೆಯ ಅಂಚಿನ ತನಕ ಎಷ್ಟು ಮಿಲಿಮೀಟರ್ ಅಂತ ನೋಡುತ್ತಾರೆ. ಸಾಮಾನ್ಯವಾಗಿ 4ರಿಂದ 5 ಇರಬೇಕು. ನನಗೆ ಅದು ಸರಿಯಾಗೇ ಇತ್ತು. ಅಂದರೆ ರೆಪ್ಪೆ ಎತ್ತುವ ಸ್ನಾಯು ಗಟ್ಟಿಯಾಗಿದೆ, ಅದರ ಮೇಲಿನ ಚರ್ಮ ಮಾತ್ರ ಜೋತು ಬಿದ್ದಿದೆ. ಆ ಸ್ನಾಯುವೇ ಸಡಿಲವಾಗಿ ರೆಪ್ಪೆಯ ಅಂಚು ಕೆಳಗಿಳಿದರೆ ಅದು ಟೋಸಿಸ್. ಅದರ ಆಪರೇಷನ್ನೇ ಬೇರೆ. ಅಂಥವರಿಗೆ ಬರೀ ಚರ್ಮ ತೆಗೆದರೆ ರೆಪ್ಪೆ ಇದ್ದಲ್ಲೇ ಇರುತ್ತದೆ, ಹೊಲಿಗೆ ಬಿದ್ದದ್ದೊಂದೇ ಲಾಭ. ಮೂರನೆಯದು ಹುಬ್ಬು. ಡಾಕ್ಟರ್ ನನ್ನ ಹಣೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಕಣ್ಣು ತೆರೆಯಿರಿ ಅಂದರು. ಹಣೆಯ ಸಹಾಯ ತಪ್ಪಿದ ಕೂಡಲೇ ಹುಬ್ಬು ಸ್ವಲ್ಪ ಇಳಿಯಿತು, ಕಣ್ಣು ಇನ್ನಷ್ಟು ಮುಚ್ಚಿಕೊಂಡಿತು. ಹುಬ್ಬು ಪೂರಾ ಕುಸಿದವರಿಗೆ ರೆಪ್ಪೆಯ ಚರ್ಮವನ್ನೇ ಹೆಚ್ಚು ಹೆಚ್ಚು ಕತ್ತರಿಸಿದರೆ ಹುಬ್ಬು ಬಂದು ಕಣ್ಣಿನ ಮೇಲೇ ಕೂರುತ್ತದೆ. ನನಗೆ ಆ ಮಟ್ಟಕ್ಕೆ ಇಳಿದಿರಲಿಲ್ಲ.

ರೆಪ್ಪೆ ಇಳಿಯುವುದಕ್ಕೆ ವಯಸ್ಸು ಬಿಟ್ಟು ಬೇರೆ ಕಾರಣಗಳೂ ಇವೆ. ಅದಕ್ಕೇ ಅವರು ಅಷ್ಟೆಲ್ಲಾ ಕೇಳಿದ್ದು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ರೆಪ್ಪೆ ಬೀಳುತ್ತದಾ? ಹಾಗಿದ್ದರೆ ಮಯಸ್ತೇನಿಯಾ ಅನ್ನುವ, ಸ್ನಾಯು ಬೇಗ ದಣಿಯುವ ಕಾಯಿಲೆ ಇರಬಹುದು. ರೆಪ್ಪೆ ಊದುತ್ತದಾ, ಕಣ್ಣು ಮುಂದೆ ಬಂದ ಹಾಗಿದೆಯಾ? ಥೈರಾಯ್ಡ್ ನೋಡಬೇಕು. ಒಂದೇ ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಬಿದ್ದು, ಜೊತೆಗೆ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು ಶುರುವಾದರೆ ಅದು ಮಿದುಳಿಗೆ ಸಂಬಂಧಪಟ್ಟದ್ದಿರಬಹುದು. ಆಗ ಕಾಸ್ಮೆಟಿಕ್ ಮಾತೇ ಇಲ್ಲ, ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಓಡಬೇಕು. ಇದನ್ನು ನಾನು ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತೇನೆ. ವಯಸ್ಸಾಯ್ತು ಬಿಡಿ ಅಂತ ಸುಮ್ನೆ ಕೂರುವವರು ನಮ್ಮಲ್ಲಿ ಬಹಳ.

ಕಣ್ಣೀರಿನ ಪರೀಕ್ಷೆಯನ್ನು ಬಿಡಲೇಬಾರದು. ಕೆಳಗಿನ ರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸುತ್ತಾರೆ. ಷಿರ್ಮರ್ ಟೆಸ್ಟ್ ಅಂತ ಹೆಸರು. ಒದ್ದೆ 10 ಮಿಲಿಮೀಟರ್ ಕೂಡ ದಾಟದಿದ್ದರೆ ಕಣ್ಣು ಒಣಗುವ ಅನುಮಾನ. ನನ್ನ ಬಲಗಣ್ಣಿನ ಪಟ್ಟಿ ಅಲ್ಲಿಗಲ್ಲಿಗೆ ಸರಿಹೋಯಿತು, ಎಡಗಣ್ಣಿನದು ಕಡಿಮೆಯೇ ಬಂತು. ಕಂಪ್ಯೂಟರ್ ಮುಂದೆ ಇಷ್ಟು ವರ್ಷ ಕೂತದ್ದು, ಎಸಿ, ಮೆನೋಪಾಸ್, ಎಲ್ಲಾ ಸೇರಿರಬಹುದು ಅಂದರು. ಚರ್ಮ ತೆಗೆದ ಮೇಲೆ ಕೆಲವು ಕಾಲ ಕಣ್ಣು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮೊದಲೇ ಒಣಗಿದ ಕಣ್ಣಾದರೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಏಟು ಬೀಳುತ್ತದೆ. ಹಾಗಾಗಿ ಮೊದಲು ಡ್ರಾಪ್ಸ್ ಹಾಕಿ ಕಣ್ಣು ಸರಿಮಾಡೋಣ, ಆಪರೇಷನ್ ಆಮೇಲೆ ಅಂದರು. ಕನ್ನಡಕ ಬಿಡಲು ಲೇಸಿಕ್ ಅನ್ನುವ ಲೇಸರ್ ಆಪರೇಷನ್ ಮಾಡಿಸಿಕೊಂಡವರಿಗೂ ಇದೇ ಕಾರಣಕ್ಕೆ ಕೆಲವು ತಿಂಗಳು ಕಾಯಲು ಹೇಳುತ್ತಾರೆ.

ಎಷ್ಟು ಚರ್ಮ ತೆಗೆಯುತ್ತೀರಿ ಅಂತ ಕೇಳಿದೆ. ಅವರು ಬಿಡುವ ಲೆಕ್ಕ ಹೇಳಿದರು. ಹುಬ್ಬಿನ ಕೆಳಗಿನ ಅಂಚಿನಿಂದ ರೆಪ್ಪೆಗೂದಲ ತನಕ ಸುಮಾರು 20 ಮಿಲಿಮೀಟರ್ ಚರ್ಮ ಉಳಿಯಲೇಬೇಕು. ಅದಕ್ಕಿಂತ ಕಡಿಮೆ ಉಳಿದರೆ ಕಣ್ಣು ಮುಚ್ಚುವುದು ಕಷ್ಟ. ಸ್ವಲ್ಪ ಕಡಿಮೆ ತೆಗೆದರೆ ಮುಂದೆ ಇನ್ನಷ್ಟು ತೆಗೆಯಬಹುದು. ಜಾಸ್ತಿ ತೆಗೆದುಬಿಟ್ಟರೆ ಬೇರೆ ಕಡೆಯಿಂದ ಚರ್ಮ ತಂದು ಕಸಿ ಮಾಡಬೇಕಾಗುತ್ತದೆ. ರೆಪ್ಪೆಯದು ಮೈಯಲ್ಲೇ ಅತಿ ತೆಳುವಾದ ಚರ್ಮ, ಅದಕ್ಕೆ ಸರಿಹೊಂದುವ ತುಂಡು ಸಿಗುವುದು ಸುಲಭವಲ್ಲ. ಒಳಗಿನ ಕೊಬ್ಬಿನದೂ ಇದೇ ಕಥೆ. ಹಿಂದೆ ಧಾರಾಳವಾಗಿ ತೆಗೆಯುತ್ತಿದ್ದರಂತೆ. ಹಾಗೆ ತೆಗೆಸಿಕೊಂಡವರ ಕಣ್ಣು ವರ್ಷ ಕಳೆದಂತೆ ಗುಳಿಬಿದ್ದು ಇನ್ನೂ ಮುದಿಯಾಗಿ ಕಾಣುತ್ತದೆ. ಈಗ ಬೇಕಾದಷ್ಟನ್ನೇ ಮುಟ್ಟುತ್ತಾರೆ. ಒಬ್ಬ ಸರ್ಜನ್ ಒಳ್ಳೆಯವರಾ ಅಂತ ತಿಳಿಯಲು ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ಶೂರೆನ್ಸ್ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದ ಪಾಲಿಸಿಗಳಲ್ಲಿ ಕಾಸ್ಮೆಟಿಕ್ ಸರ್ಜರಿಗೆ ದುಡ್ಡು ಸಿಗುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಸರಿಪಡಿಸುವುದಕ್ಕೆ, ಇಲ್ಲವೇ ಆರೋಗ್ಯಕ್ಕೆ ನೇರ ಅಪಾಯ ಇದ್ದು ವೈದ್ಯಕೀಯವಾಗಿ ಅಗತ್ಯ ಅಂತ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ವಿನಾಯಿತಿ. ನನಗೆ ವಿಷುವಲ್ ಫೀಲ್ಡ್ ಟೆಸ್ಟ್ ಮಾಡಿದರು, ನೇರ ನೋಡುವಾಗ ಸುತ್ತಲೂ ಎಷ್ಟು ಕಾಣುತ್ತದೆ ಅಂತ ತಿಳಿಯಲು. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲಾ ಬಟನ್ ಒತ್ತುತ್ತಾ ಹೋಗಬೇಕು. ಒಮ್ಮೆ ರೆಪ್ಪೆ ಇದ್ದ ಹಾಗೇ, ಇನ್ನೊಮ್ಮೆ ಟೇಪಿನಿಂದ ಎತ್ತಿ ಅಂಟಿಸಿ. ಎರಡೂ ಚಾರ್ಟ್ ಪಕ್ಕಪಕ್ಕ ಇಟ್ಟಾಗ ನನಗೇ ಆಶ್ಚರ್ಯ. ಟೇಪ್ ಇಲ್ಲದ ಚಾರ್ಟಿನಲ್ಲಿ ಮೇಲಿನ ಭಾಗ ಪೂರಾ ಕಪ್ಪು. ಇಷ್ಟು ವರ್ಷ ಅಷ್ಟು ಜಾಗ ನನಗೆ ಕಾಣುತ್ತಲೇ ಇರಲಿಲ್ಲ!

ಆದರೂ ಕಂಪನಿಯವರು ಕ್ಯಾಶ್‌ಲೆಸ್ ಕೊಡಲಿಲ್ಲ. ಆಪರೇಷನ್ನಿನ ಹೆಸರು ಕೇಳಿದ ತಕ್ಷಣ ಕಾಸ್ಮೆಟಿಕ್ ಅಂದುಬಿಟ್ಟರು. ಚಾರ್ಟ್, ಫೋಟೋ, ಡಾಕ್ಟರ ಪತ್ರ ಎಲ್ಲಾ ಇಟ್ಟು ಆಮೇಲೆ ಕ್ಲೇಮ್ ಹಾಕಿದೆವು. ಕೇಳಿದ ಕಾಗದವನ್ನೇ ಮತ್ತೆ ಮತ್ತೆ ಕೇಳಿದರು, ಕೊನೆಗೆ ಒಂದು ಭಾಗ ಕೊಟ್ಟರು. ನಿರಾಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಇನ್ಶೂರೆನ್ಸ್ ದೂರುಗಳನ್ನು ವಿಚಾರಿಸುವ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಫೀಸಿಲ್ಲ. ಮುಂಬೈಯಲ್ಲೇ ಅವರ ಕಚೇರಿ ಇದೆ. ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುತ್ತಾರಾ ಅಂತಲೂ ಮೊದಲೇ ಕೇಳಿ. ಚಿಕಿತ್ಸೆಗೆ ಅದು ಇಲ್ಲ, ಬರೀ ಚಂದಕ್ಕೆ ಮಾಡುವುದಕ್ಕೆ ಇದೆ. ಖರ್ಚು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಒಂದಕ್ಕೊಂದು ದುಪ್ಪಟ್ಟು ವ್ಯತ್ಯಾಸವೂ ಇತ್ತು. ಆಪರೇಷನ್ ಥಿಯೇಟರಿನ ಚಾರ್ಜು, ಅರಿವಳಿಕೆಯವರ ಫೀಸು, ಆಮೇಲಿನ ಭೇಟಿಗಳು ಅದರಲ್ಲೇ ಸೇರಿವೆಯಾ ಅಂತ ಬರೆಸಿಕೊಳ್ಳಬೇಕು.

ಆಪರೇಷನ್ನಿಗೆ ದೀಪಾವಳಿ ಕಳೆದ ಮೇಲಿನ ದಿನ ಆರಿಸಿಕೊಂಡೆ. ಮಳೆಗಾಲದಲ್ಲಿ ಮುಂಬೈಯ ಬೆವರು, ಕೆಸರು, ನೂಕುನುಗ್ಗಲು ನನಗೆ ಬೇಡವಾಗಿತ್ತು. ಬಿಪಿ, ಸಕ್ಕರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಆಯಿತು. ರಕ್ತ ತೆಳುವಾಗಿಸುವ ಔಷಧಿ ತಗೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು, ಕೊಟ್ಟ ಹೃದಯದ ಡಾಕ್ಟರನ್ನೇ ಕೇಳಬೇಕು. ನಾನು ತಗೊಳ್ಳುತ್ತಿದ್ದದ್ದು ಮೀನೆಣ್ಣೆ ಕ್ಯಾಪ್ಸೂಲು, ವಿಟಮಿನ್ ಇ. ಅವುಗಳಿಂದಲೂ ರಕ್ತಸ್ರಾವ ಹೆಚ್ಚಬಹುದು ಅಂತ ಎರಡನ್ನೂ ನಿಲ್ಲಿಸಿದರು. ಬೆಳ್ಳುಳ್ಳಿ ಕ್ಯಾಪ್ಸೂಲಿಗೂ ಇದೇ ಮಾತು.

ಚರ್ಮದ ಮೇಲೆ ಗುರುತು ಹಾಕುವುದನ್ನು ಕೂರಿಸಿಯೇ ಮಾಡುತ್ತಾರೆ. ಮಲಗಿದರೆ ರೆಪ್ಪೆ ಹಿಂದಕ್ಕೆ ಸರಿದು ಲೆಕ್ಕ ತಪ್ಪುತ್ತದೆ. ಸಣ್ಣ ಚಿಮಟದಿಂದ ಚರ್ಮ ಹಿಡಿದು, ಕಣ್ಣು ಮುಚ್ಚಿ ಅಂದು, ಮುಚ್ಚಿಕೊಳ್ಳುತ್ತದಾ ನೋಡಿ, ಪೆನ್ನಿನಲ್ಲಿ ಗೆರೆ ಎಳೆದರು. ಒಂದು ಕಡೆ ಅಳಿಸಿ ಮತ್ತೆ ಎಳೆದರು. ಆಪರೇಷನ್ನಿಗಿಂತ ಈ ಗೆರೆ ಎಳೆಯುವುದಕ್ಕೇ ಅವರು ಹೆಚ್ಚು ತಲೆ ಕೆಡಿಸಿಕೊಂಡ ಹಾಗೆ ಕಂಡಿತು. ನನಗದು ಹಿಡಿಸಿತು.

ನೋವಾಗಿದ್ದು ಇಂಜೆಕ್ಷನ್ ಚುಚ್ಚುವಾಗ ಮಾತ್ರ. ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು, ಆಮೇಲೆ ಜೋಮು ಹಿಡಿಯಿತು. ಕೈಗೆ ಸ್ವಲ್ಪ ಮಂಪರಿನ ಔಷಧಿಯನ್ನೂ ಕೊಟ್ಟಿದ್ದರು. ಎಚ್ಚರ ಇತ್ತು. ಎಳೆಯುವುದು ಗೊತ್ತಾಗುತ್ತಿತ್ತು, ನೋವಿಲ್ಲ. ರಕ್ತನಾಳ ಸುಡುವಾಗ ಕರಕಲು ವಾಸನೆ ಬಂತು. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ನಡುವೆ ನರ್ಸ್ "ಕಾಕೂ, ಡೋಳೆ ಉಘಡಾ" ಅಂದರು. ಕಣ್ಣು ತೆರೆದೆ. ದೀಪದ ಬೆಳಕಿನಲ್ಲಿ ಡಾಕ್ಟರ್ ಎರಡೂ ಕಡೆ ಹೋಲಿಸಿ ನೋಡಿದರು. ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಹೀಗೆ ತೆರೆದು ಮುಚ್ಚಿ ನೋಡಲು ಆಗುವುದಿಲ್ಲವಲ್ಲ.

ಆ ರಾತ್ರಿ ಡೊಂಬಿವಲಿಗೆ ಹೋಗಲಿಲ್ಲ, ಸಯನ್‌ನಲ್ಲಿರುವ ನಾದಿನಿ ಮನೆಯಲ್ಲಿ ಉಳಿದೆವು. ನೀವೂ ಹಾಗೇ ಮಾಡಿ, ಮೊದಲ ರಾತ್ರಿ ಆಸ್ಪತ್ರೆಗೆ ಹತ್ತಿರ ಇರಿ. ಕಣ್ಣಿನ ಹಿಂದೆ ರಕ್ತ ತುಂಬಿಕೊಳ್ಳುವುದು ಅಪರೂಪ. ಆದರೆ ಹಾಗೇನಾದರೂ ಆದಲ್ಲಿ ದೃಷ್ಟಿ ಉಳಿಸಲು ಕೈಯಲ್ಲಿರುವುದು ಸ್ವಲ್ಪ ಹೊತ್ತು ಮಾತ್ರ. ಒಂದು ಕಣ್ಣಿನಲ್ಲಿ ಮಾತ್ರೆಗೂ ಬಗ್ಗದ ನೋವು, ಕಣ್ಣು ಗಟ್ಟಿಯಾಗಿ ಮುಂದಕ್ಕೆ ಉಬ್ಬುವುದು, ದೃಷ್ಟಿ ಮಂಜಾಗುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ನಮ್ಮವರು ಆಗಾಗ ಎದ್ದು ಬೆರಳು ತೋರಿಸಿ "ಎಷ್ಟು ಹೇಳು" ಅಂತ ಕೇಳುತ್ತಿದ್ದರು, ಒಂದೊಂದು ಕಣ್ಣಿಗೂ ಬೇರೆ ಬೇರೆ. ಮುಲಾಮಿನಿಂದ ಮಸುಕಾಗಿದ್ದರೂ ಬೆರಳು ಕಾಣುತ್ತಿತ್ತು. ಫ್ರಿಜ್ಜಿನ ಬಟಾಣಿ ಪ್ಯಾಕೆಟ್ಟನ್ನು ತೆಳು ಬಟ್ಟೆಯಲ್ಲಿ ಸುತ್ತಿ ಒತ್ತದೆ ಇಟ್ಟುಕೊಳ್ಳುತ್ತಿದ್ದೆ. ಮೊದಲ ಎರಡು ದಿನ ತಂಪು ಇಡಬೇಕು, ತಲೆದಿಂಬು ಎತ್ತರ ಇರಬೇಕು, ಬಗ್ಗಬಾರದು, ಭಾರ ಎತ್ತಬಾರದು.

ಮರುದಿನ ಬೆಳಿಗ್ಗೆ ಮುಖ ಮೊದಲ ದಿನಕ್ಕಿಂತ ಕೆಟ್ಟದಾಗಿತ್ತು. ರೆಪ್ಪೆ ಊದಿ ಗೆರೆಯಷ್ಟೇ ಕಣ್ಣು, ಕೆನ್ನೆಗಿಳಿದ ನೀಲಿ. ಆಮೇಲೆ ಹಸಿರು, ಹಳದಿ. ಇದು ಎಲ್ಲರಿಗೂ ಆಗುವುದೇ. ಸಾಮಾನ್ಯವಾಗಿ 5ರಿಂದ 7 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಕಾಡಿಗೆ, ಐಲೈನರ್, ಕಾಂಟ್ಯಾಕ್ಟ್ ಲೆನ್ಸ್ ಸುಮಾರು ಎರಡು ವಾರ ಬೇಡ. ಲೋಕಲ್ಲಿನ ಬಾಗಿಲ ಗಾಳಿ, ಧೂಳು ಕಣ್ಣಿಗೆ ಬಡಿಯದಂತೆ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡೇ ಓಡಾಡಿದೆ. ಹೊಲಿಗೆಯ ಗೆರೆಯ ಮೇಲೆ ಬಿಸಿಲು ಬಿದ್ದರೆ ನಮ್ಮಂಥ ಬಣ್ಣದವರಿಗೆ ಗುರುತು ಕಪ್ಪಾಗುವುದು ಬೇಗ.

ನನಗೆ ಕಷ್ಟ ಅನ್ನಿಸಿದ್ದು ನಿದ್ದೆ. ಕಣ್ಣು ಅರ್ಧ ತೆರೆದೇ ನಿದ್ದೆ ಮಾಡುತ್ತಿದ್ದೀಯ ಅಂತ ನಮ್ಮವರು ಹೆದರಿದ್ದರು. ರಾತ್ರಿ ಮುಲಾಮು ತುಂಬಿಕೊಂಡು ಮಲಗುವುದು, ಹಗಲು ಡ್ರಾಪ್ಸ್. ವಾರಗಳು ಕಳೆದಂತೆ ರೆಪ್ಪೆ ತಾನಾಗಿ ಮುಚ್ಚತೊಡಗಿತು. ಎಡಗಡೆಯ ಮಡಿಕೆ ಬಲಗಡೆಯದಕ್ಕಿಂತ ಕೂದಲೆಳೆಯಷ್ಟು ಮೇಲಿದೆ. ನನಗೆ ಮತ್ತು ಡಾಕ್ಟರಿಗೆ ಮಾತ್ರ ಕಾಣುವುದು. ಊತ ಪೂರ್ತಿ ಇಳಿದು ಗೆರೆ ಮಾಸಲು ತಿಂಗಳುಗಳೇ ಬೇಕು. ಮೊದಲ ವಾರದಲ್ಲಿ ಕನ್ನಡಿ ನೋಡಿ ಅಳುವವರಿಗೆ ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಬೇಕು.

ಈಗ ಹಣೆನೋವು ಇಲ್ಲ. ಇಂಡಿಕೇಟರ್ ನೋಡಲು ಗದ್ದ ಎತ್ತಬೇಕಾಗಿಲ್ಲ. ಕಣ್ಣಿನ ಮೂಲೆಯ ನೆರಿಗೆ, ಕಣ್ಣಿನ ಕೆಳಗಿನ ಕಪ್ಪು ಎರಡೂ ಹಾಗೇ ಇವೆ. ಅವು ಈ ಆಪರೇಷನ್ನಿಂದ ಹೋಗುವಂಥವೂ ಅಲ್ಲ.

ಕೆಳಗಿನ ರೆಪ್ಪೆಯ ಚೀಲಗಳನ್ನೂ ತೆಗೆಸಿಬಿಡಬಹುದಿತ್ತಲ್ಲ ಅಂತ ಅತ್ತಿಗೆ ಕೇಳುತ್ತಿರುತ್ತಾರೆ. ಡಾಕ್ಟರ್ ಅದನ್ನೂ ವಿವರಿಸಿದ್ದಾರೆ. ಬರೀ ಕೊಬ್ಬು ಉಬ್ಬಿದ್ದರೆ ರೆಪ್ಪೆಯ ಒಳಗಡೆಯಿಂದಲೇ ಹೋಗಬಹುದು, ಹೊರಗೆ ಗುರುತು ಬೀಳುವುದಿಲ್ಲ. ಚರ್ಮವೂ ಸಡಿಲವಿದ್ದರೆ ರೆಪ್ಪೆಗೂದಲ ಕೆಳಗೆ ಕೊಯ್ಯಬೇಕು. ಆಗ ರೆಪ್ಪೆ ಕೆಳಕ್ಕೆ ಜಗ್ಗಿ ಹೊರಕ್ಕೆ ತಿರುಗುವ ಅಪಾಯ ಹೆಚ್ಚು. ನನ್ನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಬಿಟ್ಟು ನೋಡಿದ್ದರು. ಅದು ತಟ್ಟನೆ ಹಿಂದಕ್ಕೆ ಹೋಗಲಿಲ್ಲ, ನಿಧಾನವಾಗಿ ಹೋಯಿತು. ಅಂಥ ರೆಪ್ಪೆಗೆ ಬಿಗಿಮಾಡುವ ಕೆಲಸವೂ ಸೇರುತ್ತದೆ. ಎಡಗಣ್ಣಿನ ಒಣಗುವಿಕೆ ಬೇರೆ ಇದೆ. ಮುಂದಿನ ಸಲ ಹೋದಾಗ ಮತ್ತೆ ಕಣ್ಣೀರಿನ ಪರೀಕ್ಷೆ ಮಾಡುತ್ತಾರೆ. ಅಲ್ಲಿಯವರೆಗೆ ಬೇಡ ಅಂತ ಅತ್ತಿಗೆಗೆ ಹೇಳಿದ್ದೇನೆ.